ಗ್ಯಾಸ್ ಸೈರನ್ನಿನ ಫೈಲು

ಇಪ್ಪತ್ತೆರಡು ಮಂದಿ ಗಣಿ ಕಾರ್ಮಿಕರು ಒಬ್ಬರೂ ಬಿಡದೆ ತಪ್ಪು ಕಡೆ ಹೋದರು ಎಂಬ ಸುದ್ದಿ ಚಾರುಲತಾಳಿಗೆ ಮಂಗಳವಾರ ಬೆಳಿಗ್ಗೆ ಫೋನಿನಲ್ಲಿ ಬಂತು. ಪುಣ್ಯಕ್ಕೆ ಅವರು ಹೋದದ್ದು ನಿಜವಾದ ಗಣಿಯೊಳಗಲ್ಲ, ಅವಳು ಬರೆದ ಆಟದೊಳಗೆ.

ಫೋನ್ ಮಾಡಿದವರು ಉಮರೇಡ್ ಹತ್ತಿರದ ಕಲ್ಲಿದ್ದಲು ಗಣಿಯೊಂದರ ಸುರಕ್ಷಾ ಅಧಿಕಾರಿ ಉತ್ತಪ್ಪ. ವಿರಾಜಪೇಟೆ ಕಡೆಯವರು, ಮಿಲಿಟರಿಯಲ್ಲಿದ್ದು ಬಂದವರು. ಮಾತು ಕಡಿಮೆ, ಆಡಿದ್ದು ಖಡಕ್ಕು. ಅವರ ತರಬೇತಿ ಕೇಂದ್ರಕ್ಕೆಂದೇ ಚಾರುಲತಾಳ ಕಂಪನಿ ಆಟವೊಂದನ್ನು ಮಾಡಿಕೊಟ್ಟಿತ್ತು. ಕಾರ್ಮಿಕ ಕಂಪ್ಯೂಟರಿನ ಮುಂದೆ ಕೂತರೆ ತೆರೆಯ ಮೇಲೆ ಸುರಂಗ ಕಾಣುತ್ತದೆ, ಇದ್ದಕ್ಕಿದ್ದಂತೆ ಸೈರನ್ ಕೂಗುತ್ತದೆ, ಅದು ಯಾವ ಸೈರನ್ ಎಂದು ಗುರುತಿಸಿ ಸರಿಯಾದ ದಾರಿ ಹಿಡಿಯಬೇಕು. ಏರುತ್ತ ಇಳಿಯುತ್ತ ಎಳೆದಂತೆ ಕೂಗಿದರೆ ಗ್ಯಾಸು. ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹೊರಗೆ ನಡೆಯಬೇಕು. ಮೂರು ಸಲ ಚಿಕ್ಕದಾಗಿ ಕೂಗಿದರೆ ಸಿಡಿಮದ್ದು. ಪಕ್ಕದ ಆಸರೆ ಗೂಡಿಗೆ ನುಗ್ಗಿ ಕೂರಬೇಕು.

"ಮೇಡಂ, ಗ್ಯಾಸಿನ ಪಾಠದಲ್ಲಿ ಸಿಡಿಮದ್ದಿನ ಸೈರನ್ ಕೂಗ್ತಾ ಇದೆ," ಎಂದರು ಉತ್ತಪ್ಪ. "ಇಪ್ಪತ್ತೆರಡು ಜನ ಗೂಡಿನೊಳಗೆ ಹೋಗಿ ಕೂತ್ರು. ಗ್ಯಾಸ್ ಬಂದಾಗ ಅಲ್ಲಿ ಕೂತರೆ ಏನಾಗ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಸಾಫ್ಟ್‌ವೇರ್ ದೋಷ ಅಂತ ಮೇಲಿನವರಿಗೆ ರಿಪೋರ್ಟ್ ಕಳಿಸಿದ್ದೇನೆ."

"ಹಂಗಾಗಾಕ ಸಾಧ್ಯನ ಇಲ್ಲ ಸರ್. ಶುಕ್ರವಾರ ನಾನ ಕುಂತು ಕೇಳೇನಿ."

"ನೀವು ಕೇಳಿದ್ದು ಏನೋ ನನಗೆ ಗೊತ್ತಿಲ್ಲ. ಇಲ್ಲಿ ಕೂಗ್ತಾ ಇರೋದು ಮೂರು ಸಲ." ಫೋನ್ ಇಟ್ಟರು.

ಊರ ನಡುವಿನ ಸೀತಾಬರ್ಡಿ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲೆ, ಎರಡನೇ ಮಹಡಿಯಲ್ಲಿ ಅವರ ಆಫೀಸು. ಮಾಲೀಕ ಭೋಯರ್ ಸರ್ ಸೇರಿ ಆರು ಜನ. ಕೆಳಗಿನ ಬೀದಿಯಲ್ಲಿ ದುಪಟ್ಟಾ ಮಾರುವವರ ಕೂಗು ದಿನವಿಡೀ ಕಿಟಕಿಯಿಂದ ಒಳಗೆ ಬರುತ್ತಿದ್ದರಿಂದ ಶಬ್ದ ಪರೀಕ್ಷಿಸುವ ಕೆಲಸವನ್ನೆಲ್ಲ ಚಾರುಲತಾ ಅಂಗಡಿಗಳು ತೆರೆಯುವ ಮುಂಚೆ, ಎಂಟೂವರೆಗೇ ಬಂದು ಮುಗಿಸುತ್ತಿದ್ದಳು. ಶುಕ್ರವಾರವೂ ಹಾಗೇ ಮಾಡಿದ್ದಳು. ಈಗ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಆಟ ಓಡಿಸಿದಳು. ಗ್ಯಾಸಿನ ಸೈರನ್ ಏರಿತು, ಇಳಿಯಿತು, ಮತ್ತೆ ಏರಿತು. ಬರೋಬರ್ ಇತ್ತು.

ಹಾಗಾದರೆ ಉಮರೇಡಿನಲ್ಲಿ ಏಕೆ ಬೇರೆ ಕೂಗುತ್ತಿದೆ? ಆಟದ ಸ್ಕ್ರಿಪ್ಟ್ ತೆರೆದು ಸೈರನ್ನಿನ ಸಾಲಿಗೆ ಹೋದಳು. ನೋಡಿದಳು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದಳು.

ಅವರು ಆಟ ಬರೆಯುತ್ತಿದ್ದ ಭಾಷೆಯಲ್ಲಿ ಅಂಕಿಗಳದ್ದು ಒಂದು ಜಾತಿ, ಅಕ್ಷರಗಳದ್ದು ಒಂದು ಜಾತಿ ಇರುವಂತೆ ಫೈಲುಗಳಿಗೂ ತಮ್ಮದೇ ಒಂದು ಡೇಟಾ ಟೈಪ್ ಇತ್ತು. ಚಿತ್ರವೋ ಶಬ್ದವೋ ಬೇಕಾದಲ್ಲಿ ಅದರ ಹೆಸರನ್ನು ಸಿಂಗಲ್ ಕೋಟಿನೊಳಗೆ ಬರೆದರೆ ಅದು ಬರೀ ಹೆಸರಾಗಿ ಉಳಿಯುವುದಿಲ್ಲ. ಆಟವನ್ನು ಕಟ್ಟುವ ಹೊತ್ತಿಗೆ ಆ ಫೈಲನ್ನೇ ಇಡಿಯಾಗಿ ಎತ್ತಿ ಆಟದ ಪೊಟ್ಟಣದೊಳಗಿಟ್ಟು ಬಾಯಿ ಹೊಲಿದುಬಿಡುತ್ತದೆ. ಆಮೇಲೆ ಯಾವ ಊರಿನ ಯಾವ ಕಂಪ್ಯೂಟರಿನಲ್ಲಿ ಓಡಿಸಿದರೂ ಅದೇ ಶಬ್ದ. ಅದನ್ನೇ ಡಬಲ್ ಕೋಟಿನೊಳಗೆ ಬರೆದು, ಈ ಹೆಸರಿನ ಫೈಲ್ ತಾ ಎಂದರೆ, ಪೊಟ್ಟಣದೊಳಗೆ ಹೋಗುವುದು ಹೆಸರು ಮಾತ್ರ. ಆಟ ಓಡುವಾಗ ಆ ಕಂಪ್ಯೂಟರಿನ ಫೋಲ್ಡರಿನಲ್ಲಿ ಆ ಹೆಸರಿನಲ್ಲಿ ಯಾವ ಫೈಲ್ ಇದೆಯೋ ಅದನ್ನು ಎತ್ತಿಕೊಳ್ಳುತ್ತದೆ. ಒಳಗೆ ಸೈರನ್ ಇರಲಿ, ಮದುವೆ ಬ್ಯಾಂಡ್ ಇರಲಿ, ಅದು ಕೇಳುವುದಿಲ್ಲ.

ಗಣಿಯ ಕೆಲಸ ಎಂದ ಮೇಲೆ ಚಾರುಲತಾ ಎರಡೂ ಸೈರನ್ನುಗಳನ್ನು ಸಿಂಗಲ್ ಕೋಟಿನೊಳಗೇ ಬರೆದಿದ್ದಳು. ಈಗ ಅಲ್ಲಿ ಡಬಲ್ ಕೋಟ್ ಇತ್ತು.

ಯಾರು ಯಾವಾಗ ಏನು ಬದಲಾಯಿಸಿದರು ಎಂಬುದನ್ನು ಬರೆದಿಡುವ ಲಾಗ್ ತೆರೆದಳು. ಶನಿವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಬದಲಾವಣೆ. ಹನ್ನೊಂದು ಮೂವತ್ತಕ್ಕೆ ಹೊಸದಾಗಿ ಕಟ್ಟಿದ ಪೊಟ್ಟಣ ಉಮರೇಡಿಗೆ ರವಾನೆ. ಮಾಡಿದವರ ಹೆಸರಿನ ಜಾಗದಲ್ಲಿ ಇದ್ದದ್ದು ಚಾರುಲತಾ.

ಶನಿವಾರ ಹನ್ನೊಂದು ಇಪ್ಪತ್ತಕ್ಕೆ ಅವಳು ಧಂತೋಲಿಯ ದಂತವೈದ್ಯರ ಹತ್ತಿರ ಗಂಡ ನರಹರಿಯ ದವಡೆ ಹಲ್ಲು ಕೀಳುವುದನ್ನು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತು ಕಾಯುತ್ತಿದ್ದಳು. ಅಂದರೆ ಯಾರೋ ಅವಳ ಕುರ್ಚಿಯಲ್ಲಿ ಕೂತು, ಅವಳ ಪಾಸ್‌ವರ್ಡ್ ಹೊಡೆದು, ಅವಳ ಹೆಸರಿನಲ್ಲಿ ಇದನ್ನು ಮಾಡಿದ್ದಾರೆ. ಬೆನ್ನಿಗೆ ಯಾರದೋ ಕಣ್ಣು ತಾಗಿದಂತಾಗಿ ತಿರುಗಿ ನೋಡಿದಳು. ಐದಾರು ಅಡಿ ದೂರದಲ್ಲಿ ಯಶಸ್ವಿನಿ ತನ್ನ ತೆರೆಯ ಮೇಲಿನ ಕಿಟಕಿಯೊಂದನ್ನು ಥಟ್ಟನೆ ಮುಚ್ಚಿದಳು.

"ಯಾರ್ ಅಕ್ಕಾ ಫೋನು? ಉತ್ತಪ್ಪ ಸರ್ರಾ?" ಎಂದು ಕೇಳಿದಳು ಯಶಸ್ವಿನಿ.

"ಹೂಂ. ಏನಿಲ್ಲ," ಎಂದಳು ಚಾರುಲತಾ.

ಯಶಸ್ವಿನಿಗೆ ಇಪ್ಪತ್ತೇಳು. ಅವಳ ಅಪ್ಪ ಬಳ್ಳಾರಿ ಕಡೆಯಿಂದ ಬಂದು ಇಲ್ಲಿನ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಹುಟ್ಟಿದ್ದು ಬೆಳೆದದ್ದು ಇಲ್ಲೇ ಆದ್ದರಿಂದ ಕನ್ನಡ ಆಡುತ್ತಾಳೆ, ಓದು ಎಂದರೆ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುತ್ತಾಳೆ. ನಾಲ್ಕು ವರ್ಷದ ಹಿಂದೆ ನರಹರಿಗೆ ರೈಲ್ವೆಯಲ್ಲಿ ವರ್ಗವಾಗಿ ಧಾರವಾಡದಿಂದ ಇಲ್ಲಿಗೆ ಬಂದು ಈ ಕೆಲಸ ಹಿಡಿದ ಚಾರುಲತಾಳಿಗೆ ಆಫೀಸಿನಲ್ಲಿ ಕನ್ನಡದ ಸೊಲ್ಲು ಕೇಳಿಸುತ್ತಿದ್ದದ್ದು ಅವಳೊಬ್ಬಳಿಂದ. ಡಬ್ಬಿ ಹಂಚಿಕೊಂಡು ಉಣ್ಣುತ್ತಿದ್ದರು. ಉಳಿದವರಿಗೆ ತಿಳಿಯಬಾರದ ಮಾತೆಲ್ಲ ಅವರಿಬ್ಬರ ನಡುವೆ ಕನ್ನಡದಲ್ಲಿ ನಡೆಯುತ್ತಿತ್ತು. ಮಾರ್ಚ್‌ನಲ್ಲಿ ಚಾರುಲತಾ ಡೆಂಗಿ ಬಂದು ಮಲಗಿದ್ದಾಗ ತನ್ನ ಪಾಸ್‌ವರ್ಡನ್ನೂ ಹಾಗೇ ಫೋನಿನಲ್ಲಿ ಕನ್ನಡದಲ್ಲಿ ಹೇಳಿದ್ದಳು.

ಬೇರೆ ಯಾರಿಗೂ ಹೇಳಿರಲಿಲ್ಲ.

ಅಲ್ಲಿಂದ ಮನಸ್ಸು ಒಂದೊಂದೇ ಎತ್ತಿ ಮುಂದಿಡತೊಡಗಿತು. ಹೋದ ತಿಂಗಳ ಮೀಟಿಂಗಿನಲ್ಲಿ, ಸೈರನ್ ಹೊರಗೇ ಇರಲಿ, ಒಂದೊಂದು ಗಣಿಯ ಸೈರನ್ ಒಂದೊಂದು ಥರ ಇರುತ್ತದೆ, ಪ್ರತಿ ಸಲ ನಾವೇ ಆಟ ಕಟ್ಟಿಕೊಡುತ್ತ ಕೂರುವುದೇಕೆ ಎಂದು ವಾದಿಸಿದವಳು ಯಶಸ್ವಿನಿಯೇ. ಪ್ರಾಣದ ವಿಷಯ, ಬಾಯಿ ಹೊಲಿದೇ ಕೊಡಬೇಕು ಎಂದು ಚಾರುಲತಾ ಎಲ್ಲರ ಮುಂದೆ ಅವಳ ಬಾಯಿ ಮುಚ್ಚಿಸಿದ್ದಳು. ಆವತ್ತು ಅವಳು ಡಬ್ಬಿ ತೆರೆದರೂ ಸರಿಯಾಗಿ ಉಂಡಿರಲಿಲ್ಲ. ಈಚೆಗೆ ದಿನಕ್ಕೆ ಮೂರು ಸಲ ಬಾಲ್ಕನಿಗೆ ಹೋಗಿ ಪಿಸುಪಿಸು ಫೋನಿನಲ್ಲಿ ಮಾತಾಡುತ್ತಾಳೆ, ಯಾರಾದರೂ ಹೋದರೆ ನಿಲ್ಲಿಸುತ್ತಾಳೆ. ಈಗಷ್ಟೇ ಆ ಕಿಟಕಿ ಮುಚ್ಚಿದಳು. ಉತ್ತಪ್ಪನವರ ಫೋನೇ ಎಂದು ಇವಳಿಗೆ ಹೇಗೆ ಗೊತ್ತಾಯಿತು?

ಮಧ್ಯಾಹ್ನ ಯಶಸ್ವಿನಿ ಡಬ್ಬಿ ಹಿಡಿದು ಬಂದಾಗ ಚಾರುಲತಾ ಹಿಂದಿಯಲ್ಲಿ, ನನಗಿವತ್ತು ಹಸಿವಿಲ್ಲ, ನೀನು ಊಟ ಮಾಡು ಎಂದಳು. ಯಶಸ್ವಿನಿ ಒಂದು ಗಳಿಗೆ ಅಲ್ಲೇ ನಿಂತಳು. ಇಬ್ಬರ ನಡುವೆ ಹಿಂದಿ ಬಂದದ್ದು ಅದೇ ಮೊದಲು.

ಸಂಜೆ ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನರಹರಿ ಇನ್ನೂ ಊದಿದ ಕೆನ್ನೆಯಲ್ಲಿ ಗಂಜಿ ಉಣ್ಣುತ್ತ ಇದನ್ನೆಲ್ಲ ಕೇಳಿದ. ಅವನದು ಸಿಗ್ನಲ್ ವಿಭಾಗ.

"ನಮ್ಮಲ್ಲಿ ಸಿಗ್ನಲ್ ಕೆಟ್ರ ಮೊದ್ಲ ಏನಾತು ಅಂತ ನೋಡ್ತೀವಿ," ಎಂದ. "ಯಾರು ಅನ್ನೋದು ಆಮ್ಯಾಲಿನ ಮಾತು. ನೀ ಉಲ್ಟಾ ಹೊಂಟೀ."

"ಏನಾಗೇತಿ ಅಂತ ಗೊತ್ತಾಗೇತಲ್ಲ. ಕೋಟ್ ಬದಲಿ ಮಾಡ್ಯಾರ."

"ಕೋಟ್ ಬದಲಿ ಆದ್ರ ಫೈಲ್ ಹೊರಗಿಂದ ಬರ್ತದ. ಆ ಮೂರು ಸಲ ಕೂಗೋ ಫೈಲ್ ಅಲ್ಲಿಗೆ ಹೆಂಗ್ ಬಂತು?"

"ಆಕಿನ ಪೊಟ್ಟಣದ ಜೋಡಿ ಕಳಿಸಿರ್ತಾಳ."

"ನೋಡೀಯೇನು?"

ನೋಡಿರಲಿಲ್ಲ. ಆದರೆ ಗಂಡ ಹಾಗೆ ಕೇಳಿದ್ದು ಅವಳಿಗೆ ಸೇರಲಿಲ್ಲ. ಇವನೂ ಯಶಸ್ವಿನಿಯ ಕಡೆಯೇ ಎನಿಸಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಬುಧವಾರ ಅವಳು ಮಾಡಿದ ಮೊದಲ ಕೆಲಸ ಪಾಸ್‌ವರ್ಡ್ ಬದಲಾಯಿಸಿದ್ದು. ಎರಡನೆಯದು, ಕುರ್ಚಿಯನ್ನು ಗೋಡೆಗೆ ಬೆನ್ನು ಬರುವಂತೆ ತಿರುಗಿಸಿಕೊಂಡದ್ದು. ಹನ್ನೆರಡು ಗಂಟೆಗೆ ಭೋಯರ್ ಸರ್ ಕ್ಯಾಬಿನ್ನಿಗೆ ಕರೆದರು. ಉಮರೇಡಿನಿಂದ ಬಂದ ಪತ್ರ ಅವರ ಮೇಜಿನ ಮೇಲಿತ್ತು. ಒಂದು ಕಾಲದಲ್ಲಿ ಅವರೂ ಪ್ರೋಗ್ರಾಮರ್; ಈಗ ಕೆಲಸ ಹುಡುಕಿ ತರುವುದು, ಗಿರಾಕಿಗಳನ್ನು ಸಮಾಧಾನ ಮಾಡುವುದು ಇಷ್ಟೇ.

"ಚಾರುಲತಾಜೀ, ಇದೇನು?" ಎಂದರು ಹಿಂದಿಯಲ್ಲಿ. "ಸೈರನ್ನುಗಳನ್ನು ಪೊಟ್ಟಣದೊಳಗೇ ಇಟ್ಟು ಕೊಡುತ್ತೇವೆ, ಯಾರೂ ಮುಟ್ಟಲಾಗದು ಅಂತ ಒಪ್ಪಂದದಲ್ಲಿ ಬರೆದುಕೊಟ್ಟಿದ್ದೇವೆ. ಲಾಗ್ ನೋಡಿದೆ. ನಿಮ್ಮ ಹೆಸರೇ ಇದೆಯಲ್ಲ?"

"ಸರ್, ಶನಿವಾರ ನಾನು ರಜೆ. ದಂತವೈದ್ಯರ ಚೀಟಿ ಇದೆ."

"ನೀವಲ್ಲ ಅಂದರೆ ಮತ್ತೆ ಯಾರು?"

ಭೋಯರ್ ನೀರಿನ ಲೋಟವನ್ನು ಮೇಜಿನ ಮೇಲೆ ನಿಧಾನಕ್ಕೆ ತಿರುಗಿಸುತ್ತಿದ್ದರು. ಹೇಳದೆ ಬಿಟ್ಟರೆ ಆ ತಪ್ಪು ತನ್ನ ಮೇಲೇ ಉಳಿಯುತ್ತದೆ ಎಂಬ ಭಯ ಚಾರುಲತಾಳಿಗೆ ಒಂದು ಕಡೆ. ನಿನ್ನೆಯಿಂದ ಮನಸ್ಸಿನಲ್ಲಿ ಕೂತಿದ್ದ ಮಾತು ಇನ್ನೊಂದು ಕಡೆ.

"ನನ್ನ ಪಾಸ್‌ವರ್ಡ್ ಗೊತ್ತಿರೋದು ಯಶಸ್ವಿನಿ ಒಬ್ಬಳಿಗೇ, ಸರ್," ಎಂದಳು.

ಲೋಟ ನಿಂತಿತು. ಭೋಯರ್ ಅವಳ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದವರು ಮುಚ್ಚಿಕೊಂಡು, "ಹಾಗೋ. ಸರಿ, ನಾನು ಅವಳ ಹತ್ತಿರ ಮಾತಾಡುತ್ತೇನೆ. ನೀವು ಹಳೆಯ ಹಾಗೇ ಕಟ್ಟಿ, ಶುಕ್ರವಾರ ಉಮರೇಡಿಗೆ ಹೋಗಿ ಹಾಕಿ ಬನ್ನಿ," ಎಂದರು.

ಗುರುವಾರ ಯಶಸ್ವಿನಿಯ ಕುರ್ಚಿ ಖಾಲಿ ಇತ್ತು. ಅವಳ ಮೇಜಿನ ಮೇಲಿದ್ದ ಪುಟ್ಟ ಕನ್ನಡಿ, ಚಾರ್ಜರ್, ಚಹಾದ ಕಪ್ ಯಾವುದೂ ಇರಲಿಲ್ಲ. ಯಾರೂ ಏನೂ ಕೇಳಲಿಲ್ಲ. ಎಲ್ಲರೂ ತಮ್ಮ ತಮ್ಮ ತೆರೆಯ ಮೇಲೆ ಕಣ್ಣಿಟ್ಟು ಕೂತಿದ್ದರು. ಹತ್ತೂವರೆಗೆ ಚಾರುಲತಾಳ ಫೋನಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದ ಒಂದು ಸಾಲು ಬಂತು: ನೀವು ನನ್ನನ್ನೇ ಕೇಳಬಹುದಿತ್ತಲ್ಲ ಅಕ್ಕಾ.

ಕೇಳಿದ್ದರೆ ಇವಳು ಒಪ್ಪುತ್ತಿದ್ದಳೇ ಎಂದುಕೊಂಡಳು ಚಾರುಲತಾ. ತಪ್ಪು ಮಾಡಿದವರು ಮೊದಲು ಹೇಳುವ ಮಾತೇ ಇದು. ಉತ್ತರ ಬರೆಯಲಿಲ್ಲ. ಆದರೆ ಆ ದಿನ ಮಧ್ಯಾಹ್ನ ಒಬ್ಬಳೇ ಡಬ್ಬಿ ತೆರೆದಾಗ ರೊಟ್ಟಿ ಮುರಿಯಲು ಕೈ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ಉಮರೇಡಿಗೆ ಹೋದಳು. ಬಸ್ ನಿಲ್ದಾಣಕ್ಕೆ ಗಣಿಯ ಜೀಪು ಬಂದಿತ್ತು. ತರಬೇತಿ ಕೋಣೆ ಉದ್ದಕ್ಕೆ ಶೆಡ್ಡಿನ ಹಾಗಿತ್ತು. ಎಂಟು ಕಂಪ್ಯೂಟರುಗಳು, ಕಿಟಕಿಯ ಅಂಚಿನಲ್ಲೆಲ್ಲ ಸಣ್ಣ ಕರಿ ಧೂಳು. ಉತ್ತಪ್ಪ ಬಾಗಿಲಲ್ಲೇ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ನೆಟ್ಟಗಿನ ಬೆನ್ನು. ಎಂದಿನಂತೆ, ಊಟ ಆಯ್ತಾ ಮೇಡಂ, ಎಂದು ಕೇಳಲಿಲ್ಲ.

"ಬೇಗ ಹಾಕಿಬಿಡಿ. ಹಳೇದನ್ನು ಅಳಿಸಿ," ಎಂದರು. "ಅದನ್ನೆಲ್ಲ ನೋಡ್ತಾ ಕೂರೋದು ಬೇಡ."

ಹಳೆಯದನ್ನು ಅಳಿಸಿ ಎಂದು ಅವರು ಇನ್ನೂ ಎರಡು ಸಲ ಹೇಳಿದರು. ಮೂರನೆಯ ಸಲ ಹೇಳಿದಾಗ ಚಾರುಲತಾಳ ಕೈ ನಿಂತಿತು. ಅಳಿಸಲು ಇಷ್ಟು ಅವಸರ ಏಕೆ? ಮೂರು ದಿನದಿಂದ ಒಬ್ಬಳ ಮೇಲೆಯೇ ನೆಟ್ಟಿದ್ದ ಸಂಶಯ ಆ ಕ್ಷಣ ತಲೆ ಎತ್ತಿ ಸುತ್ತ ನೋಡಿದಂತಾಯಿತು. ನರಹರಿ ಕೇಳಿದ ಪ್ರಶ್ನೆ ಈಗ ನೆನಪಾಯಿತು: ಆ ಫೈಲ್ ಅಲ್ಲಿಗೆ ಹೇಗೆ ಬಂತು?

ಆಟದ ಫೋಲ್ಡರ್ ತೆರೆದಳು. ಗ್ಯಾಸ್ ಸೈರನ್ ಎಂಬ ಹೆಸರಿನ ಫೈಲ್ ಅಲ್ಲೇ ಇತ್ತು. ಉಳಿದ ಎಲ್ಲ ಫೈಲುಗಳ ತಾರೀಖು ಶನಿವಾರ, ಇದೊಂದರದು ಸೋಮವಾರ ಬೆಳಿಗ್ಗೆ ಒಂಬತ್ತು ಹತ್ತು. ಸೋಮವಾರ ಒಂಬತ್ತು ಹತ್ತಕ್ಕೆ ಯಶಸ್ವಿನಿ ಸೀತಾಬರ್ಡಿಯ ಆಫೀಸಿನಲ್ಲಿ ಅವಳ ಎದುರಿಗೇ ಕೂತು ಅವಲಕ್ಕಿ ಪೋಹೆ ತಿನ್ನುತ್ತಿದ್ದಳು. ಈ ಫೈಲನ್ನು ಇಲ್ಲಿ ಹಾಕಿದವರು ಇಲ್ಲಿನವರು.

"ಸರ್, ಈ ಕೋಣಿ ಬೀಗದ ಕೈ ಯಾರ ಹತ್ರ ಇರ್ತದ?"

"ನನ್ನ ಹತ್ರ. ಯಾಕೆ?"

ಉತ್ತರ ಕೊಡದೆ ಅವಳು ಸ್ಪೀಕರ್ ದನಿ ಏರಿಸಿ ಆ ಫೈಲನ್ನು ಆಟದ ಹೊರಗೆ ನೇರವಾಗಿ ಹಾಕಿದಳು. ಆಟದಲ್ಲಿ ಸೈರನ್ ಆರು ಸೆಕೆಂಡು ಮಾತ್ರ ಕೇಳಿಸುತ್ತದೆ, ಆಮೇಲೆ ಕತ್ತರಿಸುತ್ತದೆ. ಫೈಲ್ ಮಾತ್ರ ಹತ್ತೊಂಬತ್ತು ಸೆಕೆಂಡಿನದು. ಮೂರು ಚಿಕ್ಕ ಕೂಗು. ಮತ್ತೆ ಮೂರು. ಆಮೇಲೆ ಗಾಳಿಯ ಸದ್ದು, ದೂರದಲ್ಲಿ ಲಾರಿ, ಯಾರೋ ಒಂದು ಸಲ ಕೆಮ್ಮಿದರು. ಕೊನೆಗೆ ಹತ್ತಿರದಿಂದ, ಸಾಕು ನಿಲ್ಲಿಸಿ ಎಂದು ಹಿಂದಿಯಲ್ಲಿ ಖಡಕ್ಕಾದ ಒಂದು ದನಿ: "ಬಸ್, ಬಂದ್ ಕರೋ."

ಆ ದನಿಯ ಯಜಮಾನರು ಅವಳ ಬೆನ್ನ ಹಿಂದೆಯೇ ನಿಂತಿದ್ದರು. ಚಾರುಲತಾ ತಿರುಗಲಿಲ್ಲ. ತೆರೆಯ ಕಪ್ಪು ಮೂಲೆಯಲ್ಲಿ ಅವರ ನೆರಳು ಕಾಣುತ್ತಿತ್ತು. ಅದು ನಿಧಾನಕ್ಕೆ ಪಕ್ಕದ ಕುರ್ಚಿ ಎಳೆದುಕೊಂಡು ಕೂತಿತು.

"ನನ್ನದೇ," ಎಂದರು ಉತ್ತಪ್ಪ.

"ಅದು ಗೊತ್ತಾತು ಸರ್. ಹೆಂಗಾತು, ಅದನ್ನ ಹೇಳ್ರಿ."

ಅವರು ಹೇಳಿದರು. ತಾವೇ ಮೊದಲು ಕಳಿಸಿದ್ದ ಗ್ಯಾಸ್ ಸೈರನ್ನಿನ ರೆಕಾರ್ಡಿಂಗಿನಲ್ಲಿ ಲಾರಿಯ ಸದ್ದು ಸೇರಿಕೊಂಡಿದ್ದು ಅವರಿಗೆ ಸಮಾಧಾನವಾಗಿರಲಿಲ್ಲ. ಭಾನುವಾರ ಲಾರಿ ಕಡಿಮೆ ಎಂದು, ಅವತ್ತು ಬಂದು ಎರಡು ಸೈರನ್ನನ್ನೂ ಮತ್ತೆ ತಮ್ಮ ಫೋನಿನಲ್ಲಿ ಹಿಡಿದುಕೊಂಡರು. ಫೋನಿನಲ್ಲಿ ಅವಕ್ಕೆ ಹೆಸರಿರಲಿಲ್ಲ, ಉದ್ದುದ್ದ ಅಂಕಿಗಳಿದ್ದವು. ಸೋಮವಾರ ಬೆಳಿಗ್ಗೆ ಅದರಲ್ಲಿ ಒಂದನ್ನು ಗ್ಯಾಸ್ ಸೈರನ್ ಎಂದು ಹೆಸರು ಕೊಟ್ಟು ಫೋಲ್ಡರಿಗೆ ಹಾಕಿದರು. ಕೇಳಿ ನೋಡಲಿಲ್ಲ. ಮಂಗಳವಾರ ಇಪ್ಪತ್ತೆರಡು ಜನ ಗೂಡಿನೊಳಗೆ ಹೋಗಿ ಕೂತಾಗ ಸಾಫ್ಟ್‌ವೇರ್ ದೋಷ ಎಂದೇ ನಂಬಿ ರಿಪೋರ್ಟ್ ಕಳಿಸಿದರು. ತಮ್ಮ ಫೋನಿನಲ್ಲಿ ಎರಡನ್ನೂ ಕೇಳಿದ್ದು ಬುಧವಾರ.

"ಬುಧವಾರನ ಗೊತ್ತಿತ್ತಾ ನಿಮಗ?"

"ಮಿಲಿಟರಿ, ಗಣಿ ಸೇರಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದ್ದೇನೆ ಮೇಡಂ. ಒಂದು ಕೆಟ್ಟ ಮಾತು ನನ್ನ ಫೈಲಿನಲ್ಲಿಲ್ಲ." ಅವರು ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು. "ನೀವು ಬಂದು ಹೊಸದು ಹಾಕಿ ಹೋದ್ರೆ ಮುಗೀತು ಅಂದ್ಕೊಂಡೆ. ಯಾರಿಗೂ ಏನೂ ಆಗಲಿಲ್ಲವಲ್ಲ ಅಂತ."

"ಆಗೇತಿ ಸರ್," ಎಂದಳು ಚಾರುಲತಾ. "ನಮ್ಮ ಆಫೀಸಿನ ಹುಡುಗಿ ಒಬ್ಬಾಕಿ ಕೆಲಸ ಹೋಗೇತಿ."

ಉತ್ತಪ್ಪ ತಲೆಯೆತ್ತಿದರು. "ಹುಡುಗಿಯಾ? ಅವಳಿಗೂ ಇದಕ್ಕೂ ಏನು? ನಾನು ಕೇಳಿಕೊಂಡದ್ದು ಭೋಯರ್ ಅವರನ್ನ. ಸೈರನ್ ಬದಲಾಯಿಸೋ ಹಾಗೆ ಮಾಡಿಕೊಡಿ ಅಂತ. ಶನಿವಾರ ಅವರೇ ಫೋನ್ ಮಾಡಿ, ಆಗಿದೆ, ನಾನೇ ಕೂತು ಮಾಡಿದ್ದೇನೆ, ಫೋಲ್ಡರಿಗೆ ಹಾಕಿದ್ರೆ ಸಾಕು ಅಂದ್ರಲ್ಲ!"

ಚಾರುಲತಾಳಿಗೆ ಮೊದಲು ಕಣ್ಣ ಮುಂದೆ ಬಂದದ್ದು ಆ ನೀರಿನ ಲೋಟ. ನೀವಲ್ಲ ಅಂದರೆ ಮತ್ತೆ ಯಾರು ಎಂದು ಕೇಳಿದ ಮನುಷ್ಯ ಉತ್ತರ ತನ್ನ ಬಾಯಲ್ಲೇ ಇಟ್ಟುಕೊಂಡು ಕೇಳಿದ್ದ. ಆಫೀಸಿನ ಎಲ್ಲ ಕಂಪ್ಯೂಟರುಗಳ ಯಜಮಾನನಿಗೆ ಯಾರ ಪಾಸ್‌ವರ್ಡೂ ಬೇಕಾಗಿರಲಿಲ್ಲ ಎಂಬುದು ಅವತ್ತು ಅವಳಿಗೆ ಹೊಳೆಯಲೇ ಇಲ್ಲ. ಅಥವಾ ಹೊಳೆಯುವಷ್ಟು ಹೊತ್ತು ಅವಳು ಕಾಯಲಿಲ್ಲ.

ಹೊಸ ಪೊಟ್ಟಣ ಹಾಕಿ, ಎಂಟೂ ಕಂಪ್ಯೂಟರುಗಳಲ್ಲಿ ಎರಡೂ ಸೈರನ್ ಕೇಳಿ ನೋಡುವಷ್ಟರಲ್ಲಿ ಉತ್ತಪ್ಪ ಕೈಬರಹದಲ್ಲಿ ಎರಡು ಪುಟ ಬರೆದು ತಂದರು. ಮೊದಲಿನ ರಿಪೋರ್ಟ್ ತಪ್ಪು, ಫೈಲ್ ಹಾಕಿದ್ದು ನಾನು, ಕೇಳಿ ನೋಡದ್ದು ನನ್ನ ಅಲಕ್ಷ್ಯ ಎಂದು ಅದರಲ್ಲಿತ್ತು. ಅವಳಿಗೆ ಒಂದು ಪ್ರತಿ ಕೊಟ್ಟರು. ಜೀಪಿನವರೆಗೆ ಬಂದು, "ಆ ಹುಡುಗಿಗೆ ಕೊಡಿ ಇದನ್ನ. ನಿಮ್ಮ ಸಾಹೇಬರಿಗೆ ನಾನೇ ಕಳಿಸ್ತೇನೆ," ಎಂದರು.

ನಾಲ್ಕು ಗಂಟೆಗೆ ಚಾರುಲತಾ ಭೋಯರ್ ಕ್ಯಾಬಿನ್ನಿನಲ್ಲಿದ್ದಳು. ಕೂರಲಿಲ್ಲ.

"ನೀವೇ ಮಾಡಿದಿರಿ ಅಂತ ಗೊತ್ತಾಯಿತು, ಸರ್."

ಭೋಯರ್ ಅಲ್ಲಗಳೆಯಲಿಲ್ಲ. ಬಾಗಿಲು ಮುಚ್ಚಿ ಬಂದು ಕೂತರು. "ನೋಡಿ, ಇನ್ನೂ ಎರಡು ಗಣಿಯವರು ಕೇಳುತ್ತಿದ್ದರು. ಅವರವರ ಸೈರನ್ ಅವರವರೇ ಹಾಕಿಕೊಳ್ಳುವ ಹಾಗಿದ್ದರೆ ಒಳ್ಳೆಯದು ಅಂತ ಮಾಡಿದೆ. ನಿಮ್ಮ ಮಷಿನ್ನಿನಲ್ಲೇ ಕಟ್ಟುವ ವ್ಯವಸ್ಥೆ ಇರುವುದು, ಅಲ್ಲೇ ಕೂತೆ, ಲಾಗಿಗೆ ನಿಮ್ಮ ಹೆಸರು ಬಿತ್ತು. ಸೋಮವಾರ ಹೇಳೋಣ ಅಂತಿದ್ದೆ, ಆಗಲಿಲ್ಲ. ಅಷ್ಟರಲ್ಲಿ ಆ ಪತ್ರ ಬಂತು. ಒಪ್ಪಂದದಲ್ಲಿ ಬೇರೆ ಬರೆದಿದ್ದೇವೆ. ಹೆದರಿದೆ."

"ಮತ್ತೆ ಯಶಸ್ವಿನಿ?"

"ನಾನು ಅವಳನ್ನು ತೆಗೆಯಲಿಲ್ಲ. ನಿನ್ನ ಮೇಲೆ ಹೀಗೊಂದು ಮಾತು ಬಂದಿದೆ ಅಂದೆ. ಯಾರು ಹೇಳಿದ್ದು ಅಂತ ಕೇಳಿದಳು. ಹೇಳಿದೆ. ಅವಳೇ ಎದ್ದು ಹೋದಳು." ಭೋಯರ್ ಅವಳ ಕಡೆ ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲ, ದಣಿವಿತ್ತು. "ಹೆಸರು ಹೇಳಿದ್ದು ನೀವು, ಚಾರುಲತಾಜೀ. ನಾನು ಸುಮ್ಮನಿದ್ದೆ, ಅದು ನನ್ನ ತಪ್ಪು. ಆದರೆ ಹೆಸರು ನನ್ನ ಬಾಯಿಂದ ಬಂದದ್ದಲ್ಲ."

ಚಾರುಲತಾ ತನ್ನ ಜಾಗಕ್ಕೆ ಹೋಗಿ ಆಫೀಸಿನ ಎಲ್ಲರಿಗೂ ಒಂದು ಮೇಲ್ ಬರೆದಳು. ಶನಿವಾರ ಸ್ಕ್ರಿಪ್ಟ್ ಬದಲಾಯಿಸಿದ್ದು ಭೋಯರ್ ಸರ್. ತಪ್ಪು ಫೈಲ್ ಹಾಕಿದ್ದು ಉಮರೇಡಿನಲ್ಲಿ. ಯಶಸ್ವಿನಿಯ ಮೇಲೆ ಸುಳ್ಳು ಆಪಾದನೆ ಹೊರಿಸಿದ್ದು ನಾನು. ಮೂರನೆಯ ವಾಕ್ಯ ಬರೆಯಲು ಉಳಿದೆರಡಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಕಳಿಸಿ, ಚೀಲ ಎತ್ತಿಕೊಂಡು ಹೊರಬಿದ್ದಳು.

ಯಶಸ್ವಿನಿಯ ಮನೆ ಅಂಬಾಝರಿ ಕಡೆ. ಬಾಗಿಲು ತೆರೆದ ತಾಯಿಗೆ ಏನೂ ಗೊತ್ತಿದ್ದಂತಿರಲಿಲ್ಲ. "ಬರ್ರಿ ಬರ್ರಿ, ನೀವಾ ಚಾರು ಅಕ್ಕ? ದಿನಾ ನಿಮ್ದೇ ಮಾತು," ಎಂದು ಒಳಗೆ ಕರೆದು ಚಹಾಕ್ಕೆ ಇಟ್ಟರು. ಆ ಮಾತು ಕೆನ್ನೆಗೆ ಹೊಡೆದಂತಾಯಿತು. ಯಶಸ್ವಿನಿ ಒಳಗಿನಿಂದ ಬಂದು, ತಾಯಿಗೆ ಕೇಳಿಸದಂತೆ ಇವಳನ್ನು ಹಿತ್ತಲ ಕಟ್ಟೆಗೆ ಕರೆದುಕೊಂಡು ಹೋದಳು.

ಚಾರುಲತಾ ಉತ್ತಪ್ಪನವರ ಕಾಗದ ಕೊಟ್ಟಳು. ಅದರಲ್ಲಿ ಏನಿದೆ ಎಂದು ಹೇಳಿದಳು. ಭೋಯರ್ ಹೇಳಿದ್ದನ್ನೂ, ತಾನು ಹೇಳಿದ್ದನ್ನೂ ಬಿಡಿಸಿ ಹೇಳಿದಳು. "ನನ್ನ ತಪ್ಪ. ಕ್ಷಮಾ ಮಾಡು," ಎಂದಳು.

ಯಶಸ್ವಿನಿ ಕಾಗದವನ್ನು ತೆರೆಯದೆ ನಾಲ್ಕು ಮಡಿಕೆ ಮಾಡಿದಳು. "ಮಾರ್ಚ್‌ನಾಗ ನೀವು ಪಾಸ್‌ವರ್ಡ್ ಹೇಳಿದ್ರಲ್ಲ ಅಕ್ಕಾ, ಅದು ನನಗೆ ಅವತ್ತೇ ಸಂಜೀಗೆ ಮರ್ತು ಹೋಗಿತ್ತು. ಕನ್ನಡ ಶಬ್ದ, ಸ್ಪೆಲ್ಲಿಂಗೇ ಯಾದ್ ಉಳೀಲಿಲ್ಲ. ಮರುದಿನ ನಿಮ್ಮನ್ನ ಕೇಳೋಕೂ ನಾಚಿಕೆ ಆಯ್ತು, ಇಷ್ಟೂ ಬರಲ್ವಾ ಅಂತೀರಿ ಅಂತ."

ಚಾರುಲತಾ ಕನ್ನಡಕ ತೆಗೆದು ಒರೆಸಿಕೊಂಡಳು.

"ಮತ್ತೆ ಬಾಲ್ಕನಿ ಫೋನು, ಸ್ಕ್ರೀನ್ ಮೇಲಿನ ಚಾಟು," ಎಂದಳು ಯಶಸ್ವಿನಿ. "ಅದನ್ನೂ ನೋಡ್ತಿದ್ರಿ ನೀವು. ನಂಗೆ ಗೊತ್ತಿತ್ತು ನೋಡ್ತೀರಿ ಅಂತ. ಅದು ನಿಖಿಲ್ ಅಂತ, ಹಿಂಗಣಾ ಕಡೆ ಒಂದು ಫ್ಯಾಕ್ಟರೀಲಿ ಇಂಜಿನಿಯರು, ಮರಾಠಿಯವ್ರು. ಮನೇಲಿ ಇನ್ನೂ ಹೇಳಿಲ್ಲ. ಮೊದ್ಲು ನಿಮ್ಗೇ ಹೇಳಿ, ಆಮೇಲೆ ಅಮ್ಮಂಗೆ ನಿಮ್ಮ ಕೈಲೇ ಹೇಳಿಸ್ಬೇಕು ಅಂತಿದ್ದೆ."

ಒಳಗೆ ಚಹಾ ಕುದಿಯುವ ಸದ್ದು, ಶುಂಠಿಯ ವಾಸನೆ. "ಸೋಮವಾರ ಬಾ," ಎಂದಳು ಚಾರುಲತಾ. "ಎಲ್ಲಾರಿಗೂ ಮೇಲ್ ಬರದೇನಿ. ಯಾರೂ ಏನೂ ಅನ್ನಂಗಿಲ್ಲ."

"ಬರಲ್ಲ ಅಕ್ಕಾ. ಯಾರೋ ಏನೋ ಅಂತಾರೆ ಅಂತಲ್ಲ. ನಾನು ಬಂದ್ರೆ ನಿಮ್ಮ ಎದುರಿಗೇ ಕೂರ್ಬೇಕಲ್ಲ, ಅದಕ್ಕೆ."

ಅಷ್ಟು ಹೇಳಿ ಅವಳು ಎದ್ದು ಒಳಗಿನಿಂದ ಎರಡು ಕಪ್ ಚಹಾ ತಂದಳು. ಇಬ್ಬರೂ ಕುಡಿದರು. ತಾಯಿ ಬಂದು ಧಾರವಾಡದ ಪೇಡೆಯ ವಿಷಯ ತೆಗೆದರು. ಚಾರುಲತಾ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು.

ಯಶಸ್ವಿನಿ ತಿರುಗಿ ಬರಲಿಲ್ಲ. ಎರಡು ತಿಂಗಳ ಮೇಲೆ ಹಿಂಗಣಾ ರಸ್ತೆಯ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದಳೆಂದು ಬೇರೆಯವರಿಂದ ತಿಳಿಯಿತು. ಉತ್ತಪ್ಪನವರಿಗೆ ಮೇಲಿನವರಿಂದ ಒಂದು ಎಚ್ಚರಿಕೆಯ ಪತ್ರ ಬಂತು. ಅವರು ಅದನ್ನು ಚೌಕಟ್ಟು ಹಾಕಿಸದಿದ್ದರೂ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು. ಭೋಯರ್ ಗಣಿಯವರಿಗೆ ತಪ್ಪೊಪ್ಪಿಗೆ ಬರೆದುಕೊಟ್ಟರು. ಗಣಿಯ ಕೆಲಸ ಕೈತಪ್ಪಲಿಲ್ಲ. ಸೈರನ್ನುಗಳು ಎರಡೂ ಸಿಂಗಲ್ ಕೋಟಿನೊಳಗೆ, ಪೊಟ್ಟಣದ ಹೊಟ್ಟೆಯಲ್ಲಿ ಭದ್ರವಾಗಿ ಕೂತವು. ಮಳೆಗಾಲದ ಹೊತ್ತಿಗೆ ನಾನೂರು ಕಾರ್ಮಿಕರು ಆ ಪಾಠ ಮುಗಿಸಿ ಗಣಿಗೆ ಇಳಿದಿದ್ದರು.

ಚಾರುಲತಾ ಅಲ್ಲೇ ಕೆಲಸದಲ್ಲಿದ್ದಾಳೆ. ಕುರ್ಚಿಯನ್ನು ಮೊದಲಿನಂತೆ ತಿರುಗಿಸಿ ಹಾಕಿಕೊಂಡಿದ್ದಾಳೆ, ಗೋಡೆಯ ಕಡೆ ಮುಖ, ಕೋಣೆಯ ಕಡೆ ಬೆನ್ನು. ಮೊದಮೊದಲು ಹಾಗೆ ಕೂರುವುದು ಕಷ್ಟವಾಗುತ್ತಿತ್ತು. ಯಾರಾದರೂ ಹಿಂದೆ ನಡೆದರೆ ಕುತ್ತಿಗೆ ತಾನಾಗಿ ತಿರುಗುತ್ತಿತ್ತು. ಈಗ ಯಾರೇ ಹಿಂದೆ ಬಂದು ನಿಂತರೂ ತಿರುಗುವುದಿಲ್ಲ. ಏನು ಬೇಕಿತ್ತು ಎಂದು ಬಾಯಿ ಬಿಟ್ಟು ಕೇಳುತ್ತಾಳೆ.